ಮೂರು ಹೊಡೆತಗಳ ನಡುವೆ

ಹಲಬರ್ಗಾದಲ್ಲಿ ನಮ್ಮ ಮನೆಯ ಎದುರಿಗಿದ್ದ ಹಿಟ್ಟಿನ ಗಿರಣಿಯ ಮುಂದೆ ಸದಾ ಡಬ್ಬಿಗಳ ಒಂದು ಸಾಲು ಇರುತ್ತಿತ್ತು. ಎಣ್ಣೆಯ ತಗಡಿನ ಡಬ್ಬಿ, ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲಿನ ಡಬ್ಬಿ, ಮುಚ್ಚಳ ಕಳೆದುಕೊಂಡು ಹಳೆಯ ಸೀರೆಯ ತುಂಡಿನಿಂದ ಬಾಯಿ ಕಟ್ಟಿಸಿಕೊಂಡ ಡಬ್ಬಿ. ತ್ರೀ ಫೇಸ್ ಕರೆಂಟು ಬರುವುದು ದಿನಕ್ಕೆ ಕೆಲವೇ ತಾಸು, ಅದು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ; ಹಾಗಾಗಿ ಜನ ಡಬ್ಬಿ ಇಟ್ಟು ಹೊಲಕ್ಕೋ ಮನೆಗೋ ಹೋಗಿಬಿಡುತ್ತಿದ್ದರು. ಡಬ್ಬಿ ನಿಂತಿದ್ದರೆ ಮನುಷ್ಯನೇ ನಿಂತಂತೆ ಎಂಬುದು ಊರಿನ ಒಪ್ಪಂದ. ನೀವು ನಮ್ಮೂರಿಗೆ ಬಂದು ಎಷ್ಟು ಜನ ಸರದಿಯಲ್ಲಿದ್ದಾರೆಂದು ಕೇಳಿದ್ದರೆ ಹದಿನೈದೋ ಇಪ್ಪತ್ತೋ ಎನ್ನುತ್ತಿದ್ದರು, ಆದರೆ ಅಲ್ಲಿ ಒಬ್ಬರೂ ಇರುತ್ತಿರಲಿಲ್ಲ.

ನನಗೆ ಸಣ್ಣಂದಿನಿಂದ ಎಣಿಸುವ ಚಟ. ಏಳನೆಯ ಇಯತ್ತೆಯಿಂದ ದಿನಚರಿ ಬರೆಯುತ್ತಿದ್ದೇನೆ, ಅದರಲ್ಲಿ ಭಾವನೆಗಿಂತ ಅಂಕಿಗಳೇ ಹೆಚ್ಚು: ಎದ್ದ ವೇಳೆ, ಮಲಗಿದ ವೇಳೆ, ಭಾಲ್ಕಿಯ ಬಸ್ಸು ಎಷ್ಟು ನಿಮಿಷ ತಡ, ಮಾಳಿಗೆಯ ಮೇಲಿಂದ ಕಂಡ ಡಬ್ಬಿಗಳು ಎಷ್ಟು. ಗಿರಣಿಯ ಮಾಲೀಕ ನಾಗಶೆಟ್ಟಿ ಕಾಕಾಗೆ ನನ್ನ ಈ ಚಟ ಬಹಳ ಉಪಯೋಗಕ್ಕೆ ಬರುತ್ತಿತ್ತು. ಅವರು ನಮಗೆ ಸಂಬಂಧಿಕರಲ್ಲ, ಆದರೆ ಎದುರು ಮನೆಯವರನ್ನು ಕಾಕಾ ಎನ್ನದೆ ಏನೆನ್ನಬೇಕು? ಸರದಿಯ ಜಗಳ ಬಂದಾಗಲೆಲ್ಲ ಹಿಟ್ಟು ಮೆತ್ತಿದ ಹುಬ್ಬು ಮೇಲೆತ್ತಿ ಕೂಗುತ್ತಿದ್ದರು.

“ಸುಜಾತಾ, ಈ ಮುದುಕಿ ಡಬ್ಬಿ ಮುಂದ ಎಷ್ಟು ಇದ್ದವು ಹೇಳವ್ವಾ?”

“ಆರು ಇದ್ದವು ಕಾಕಾ.”

“ಕೇಳಿದ್ರಿಲ್ಲ? ಆಕಿ ಆರು ಅಂದ್ರ ಆರೇ. ಐದೂವರೆ ಇರಂಗಿಲ್ಲ.”

ಜನ ನಗುತ್ತಿದ್ದರು, ಜಗಳ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಲೆಕ್ಕಕ್ಕೆ ಊರಿನಲ್ಲಿ ಅಷ್ಟು ಬೆಲೆ ಇತ್ತು, ಆ ಬೆಲೆ ನನ್ನ ತಲೆಗೇರಿತ್ತು ಎಂಬುದನ್ನೂ ಈಗ ಒಪ್ಪಿಕೊಳ್ಳಬೇಕು.

ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಒಂದು ಮಂಗಳವಾರ ಸಂಜೆ ಮಾಳಿಗೆಯಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯಲು ಹೋಗಿದ್ದೆ. ಕರೆಂಟು ಬಂದು ಸ್ವಲ್ಪ ಹೊತ್ತಾಗಿತ್ತು, ಗಿರಣಿ ಓಣಿಯೇ ನಡುಗುವಂತೆ ಸದ್ದು ಮಾಡುತ್ತಿತ್ತು. ಊರಿನವನೇ ಆದ ಧನರಾಜ ಕೆಳಗೆ ಕಾಕಾನ ಎದುರು ನಿಂತು ಕೈ ಬೀಸಿ ಏನೋ ಹೇಳುತ್ತಿದ್ದ. ಜೋಳ ತುಂಬಿದ ಅವನ ಡಬ್ಬಿಯನ್ನು ಬೆಳಗಿನಿಂದ ಎರಡು ಸಲ ಹಿಂದೆ ಸರಿಸಲಾಗಿತ್ತು. ಗೋಧಿ ಹಾಕಿದ ಮೇಲೆ ನಡುವೆ ಜೋಳ ಹಾಕಿದರೆ ಹಿಟ್ಟು ಬೆರೆಯುತ್ತದೆಂದು ಕಾಕಾ ಹಾಗೆ ಮಾಡುತ್ತಿದ್ದರು. ಧನರಾಜ ಒಮ್ಮೆಲೇ ಕಾಕಾನ ಕೊರಳಪಟ್ಟಿ ಹಿಡಿದ. ಇನ್ನೊಂದು ಕೈಯಿಂದ ತಕ್ಕಡಿಯಲ್ಲಿದ್ದ ಐದು ಕೆ.ಜಿ.ಯ ಕಬ್ಬಿಣದ ತೂಕದ ಕಲ್ಲನ್ನು ಎತ್ತಿದ. ಕಾಳು ಇಳಿಯದಿದ್ದಾಗ ಗಿರಣಿಯ ಬಾಯಿಗೆ ಬಡಿಯುವ ಕಟ್ಟಿಗೆ ಕಾಕಾನ ಕೈಯಲ್ಲಿತ್ತು. ಆ ಕಟ್ಟಿಗೆ ಮೇಲೇರಿತು. ಒಂದು. ಎರಡು. ಮೂರು. ಧನರಾಜ ಮೊಣಕೈ ಹಿಡಿದುಕೊಂಡು ಡಬ್ಬಿಗಳ ಮೇಲೆ ಬಿದ್ದ.

ಅಂದು ರಾತ್ರಿಯ ದಿನಚರಿಯಲ್ಲಿ ಹೀಗಿದೆ: “ಸಂಜೆ 5.40. ಡಬ್ಬಿ 14. ಹೊಡೆತ 3.” ಒಂದೇ ಶಾಯಿ, ಒಂದೇ ಅಳತೆಯ ಅಕ್ಷರ.

ಧನರಾಜನ ಎಲುಬು ಮುರಿದಿತ್ತು. ಮರುದಿನ ಠಾಣೆಯ ಹವಾಲ್ದಾರರು ಓಣಿಗೆ ಬಂದರು. ಹೊಡೆದಾಟದ ಹೊತ್ತಿಗೆ ಉಳಿದ ಡಬ್ಬಿಗಳ ಮಾಲೀಕರು ಯಾರೂ ಹೊಲದಿಂದ ಮರಳಿರಲಿಲ್ಲ. ಹದಿನಾಲ್ಕು ಜನರ ಸರದಿಯ ಎದುರು ನಡೆದ ಹೊಡೆದಾಟಕ್ಕೆ ಮಾಳಿಗೆಯ ಮೇಲಿದ್ದ ನಾನೊಬ್ಬಳೇ ಸಾಕ್ಷಿ.

“ಎಷ್ಟು ಹೊಡ್ತ ಹೊಡ್ದಾನ?”

“ಮೂರು ರೀ.”

“ಪಕ್ಕಾ?”

ನಾನು ಒಳಗೆ ಹೋಗಿ ದಿನಚರಿ ತಂದು ತೋರಿಸಿದೆ. ಯಾರೂ ಕೇಳಿರಲಿಲ್ಲ, ನಾನೇ ತಂದೆ. ಅವರು ಪುಟ ತಿರುವಿ ನೋಡಿ, “ಶಹಬ್ಬಾಸ್, ನಮ್ಮ ಠಾಣೆದಾಗ ಇಷ್ಟು ಚೊಕ್ಕ ಬರಿಯೋರು ಒಬ್ರೂ ಇಲ್ಲ ನೋಡವ್ವಾ” ಎಂದರು. ನನಗೆ ಹಿಗ್ಗಾಯಿತು. ಆ ಹಿಗ್ಗನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಆಮೇಲೆ ನಾನು ಬೀದರಕ್ಕೆ ಬಂದು ಕಾನೂನು ಓದಲು ಸೇರಿದೆ. ಈ ಪ್ರಕರಣಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಆಗ ಅಂದುಕೊಂಡಿದ್ದೆ. ಹವಾಲ್ದಾರರ ಶಹಬ್ಬಾಸ್‌ಗಿರಿಯೇ ನನ್ನನ್ನು ಅತ್ತ ತಳ್ಳಿತೋ ಏನೋ. ಅಪರಾಧ ಕಾನೂನಿನ ಮೊದಲ ಪಾಠಗಳು ನನಗೆ ಬಹಳ ಹಿಡಿಸಿದವು. ಕೈ ಮಾಡಿದ್ದಷ್ಟೇ ಅಪರಾಧವಲ್ಲ, ಕೈಯ ಹಿಂದಿನ ಮನಸ್ಸನ್ನೂ ನೋಡಬೇಕು. ಆರೋಪ ಹೊತ್ತವನು ತಾನು ನಿರಪರಾಧಿಯೆಂದು ಸಾಬೀತು ಮಾಡಬೇಕಾಗಿಲ್ಲ, ಅಪರಾಧಿಯೆಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವುದು ಸರಕಾರದ ಹೊಣೆ. ನ್ಯಾಯವಾದ ಸಂಶಯ ಉಳಿದರೆ ಅದರ ಲಾಭ ಆರೋಪಿಗೇ. ಎಷ್ಟು ಸ್ವಚ್ಛವಾದ ಮಾತುಗಳು. ನೀಟಾಗಿ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ತಲೆಬರಹ ಕೊಟ್ಟು ಬರೆದುಕೊಂಡಿದ್ದೆ.

ಮೂರನೆಯ ವರ್ಷದಲ್ಲಿ ಆತ್ಮರಕ್ಷಣೆಯ ಹಕ್ಕಿನ ಪಾಠ ಬಂತು. ನಮ್ಮ ಸರ್ ಬೀದರದವರೇ, ಪಾಠದ ನಡುವೆ ಪುಸ್ತಕದ ಭಾಷೆ ಬಿಟ್ಟು ಮನೆಯ ಮಾತಿಗೆ ಇಳಿಯುವವರು. “ಜೀವ ಹೋಗ್ತದ ಅಂತ ಅಂಜಿದ ಮನುಷ್ಯಾಗ ತಕ್ಕಡ್ಯಾಗ ತೂಗಿ ಹೊಡಿ ಅಂತ ಕಾಯ್ದೆ ಹೇಳಂಗಿಲ್ಲ. ಒಂದು ಹೊಡ್ತ ಹೆಚ್ಚು ಕಡಿಮಿ ಆಗ್ತದ. ಆದ್ರ ಅಂಜಿಕಿ ಮುಗಿದ ಮ್ಯಾಲೂ ಹೊಡ್ದ್ರ, ಅದು ರಕ್ಷಣೆ ಅಲ್ಲ, ಸೇಡು.”

ನಾನು ಕೈ ಎತ್ತಿದೆ. “ಸರ್, ಅಂಜಿಕಿ ಯಾವಾಗ ಮುಗೀತು ಅಂತ ಹ್ಯಾಂಗ ಗೊತ್ತಾಗ್ತದ್ರಿ?”

“ಎದುರಿಗಿದ್ದವನ ಕೈಯಾಗಿನ ಹತ್ಯಾರ ನೋಡಬೇಕು. ಅದು ಇನ್ನೂ ಮ್ಯಾಲೆ ಅದನೋ, ಕೆಳಗ ಬಿದ್ದದನೋ.”

“ಯಾರು ನೋಡಬೇಕ್ರಿ?”

“ಅಲ್ಲಿದ್ದೋರು ನೋಡಬೇಕವ್ವಾ. ನಾನು ಇಲ್ಲಿ ಪಾಠ ಮಾಡ್ಲತ್ತೀನಿ.”

ತರಗತಿ ನಕ್ಕಿತು. ನಾನೂ ನಗಬೇಕಿತ್ತು, ಆದರೆ ಆ ಸಂಜೆಯ ಮಾಳಿಗೆ ಕಣ್ಣ ಮುಂದೆ ಬಂದು ನಿಂತಿತ್ತು. ತೂಕದ ಕಲ್ಲು ಧನರಾಜನ ಕೈಯಿಂದ ಯಾವಾಗ ಬಿತ್ತು? ಮೊದಲ ಹೊಡೆತಕ್ಕೇ ಬಿದ್ದಿದ್ದರೆ ಉಳಿದೆರಡು ಸೇಡು. ಮೂರನೆಯದಕ್ಕೆ ಬಿದ್ದಿದ್ದರೆ ಮೂರೂ ರಕ್ಷಣೆ. ಗಿರಣಿಯ ಸದ್ದಿನಲ್ಲಿ ಕಲ್ಲು ಬಿದ್ದ ಸದ್ದು ಕೇಳಿಸಿರಲಾರದು, ಕಣ್ಣಿಗಾದರೂ ಕಾಣಬೇಕಿತ್ತು. ಎಷ್ಟು ನೆನೆದರೂ ನನಗೆ ಕಂಡದ್ದು ಮೇಲೇರಿ ಕೆಳಗಿಳಿಯುವ ಕಟ್ಟಿಗೆಯೊಂದೇ. ನಾನು ಹೊಡೆತಗಳನ್ನು ಎಣಿಸಿದ್ದೆ, ಅವುಗಳ ನಡುವೆ ಏನಾಯಿತೆಂಬುದನ್ನು ನೋಡಿರಲಿಲ್ಲ. ಲೆಕ್ಕ ಅಷ್ಟು ಖಚಿತವಾಗಿದ್ದುದರಿಂದ ಎಲ್ಲವನ್ನೂ ನೋಡಿದ್ದೇನೆಂದು ಹವಾಲ್ದಾರರು ನಂಬಿದರು; ನಾನೂ ನಂಬಿದ್ದೆ.

ಗೆಳೆಯರೇ, ಇದು ಲೆಕ್ಕ ಇಡುವವರ ರೋಗ. ಸಂಖ್ಯೆ ಹೇಳಿದವರನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ‘ಬಹಳ ಹೊಡೆದ’ ಎಂದು ಹೇಳಿದ್ದರೆ ಆ ಹವಾಲ್ದಾರರು ಹತ್ತು ಪ್ರಶ್ನೆ ಕೇಳಿ, ಕಲ್ಲಿನ ವಿಷಯಕ್ಕೂ ಬಂದು, ನನ್ನಿಂದ ‘ಗೊತ್ತಿಲ್ಲ’ ಎಂಬ ಮಾತನ್ನು ಅಂದೇ ಹೊರಡಿಸುತ್ತಿದ್ದರೇನೋ.

ಪ್ರಕರಣ ಭಾಲ್ಕಿಯ ಕೋರ್ಟಿನಲ್ಲಿ ನಡೆಯುತ್ತಿತ್ತು. ತಾರೀಖು ಇದ್ದ ದಿನ ಕಾಕಾ ಗಿರಣಿ ಮುಚ್ಚಿ ಹೋಗಬೇಕು, ಅಂದೇ ಕರೆಂಟು ಬೇಗ ಬರಬೇಕು. ರಜೆಗೆ ಊರಿಗೆ ಹೋದಾಗಲೆಲ್ಲ ನಾನು ಅಭ್ಯಾಸದಂತೆ ಡಬ್ಬಿ ಎಣಿಸಿದ್ದು ದಿನಚರಿಯಲ್ಲಿದೆ: ಹದಿನಾಲ್ಕಿದ್ದದ್ದು ಒಂಬತ್ತಾಯಿತು, ನಾಲ್ಕಾಯಿತು, ಒಂದು ದೀಪಾವಳಿಗೆ ಹೋದಾಗ ಬಾಗಿಲಿಗೆ ಬೀಗವಿತ್ತು.

ನಾನು ಸಾಕ್ಷಿ ನುಡಿಯಬೇಕಾದ ವಾರ ಕಾಕಾನ ಹೆಂಡತಿ ಶಾಂತಾ ಕಾಕು ಬೀದರದ ನನ್ನ ಕೋಣೆಗೆ ಬಂದರು. ಚಹಾ ಮುಟ್ಟಲಿಲ್ಲ.

“ನಿನಗ ಯಾರೂ ಕಲಿಸೋದು ಬ್ಯಾಡ, ನೀನ ವಕೀಲಕಿ ಓದ್ಲತ್ತಿ. ಒಂದ ಹೊಡ್ತ ನೋಡ್ದೆ ಅಂದ್ರ ನಿಂದೇನು ಹೋಗ್ತದ?”

“ಪ್ರಮಾಣ ಮಾಡಿ ಹೇಳಬೇಕಾಗ್ತದ ಕಾಕು. ಮೂರು ನೋಡೀನಿ.”

“ಹವಾಲ್ದಾರಗ ಹೇಳೋ ಮುಂದ ಯಾವ ಪ್ರಮಾಣ ಇತ್ತವ್ವಾ? ವಹಿ ಒಳಗಿಂದ ತಂದು ತೋರ್ಸಿದ್ಯಂತಲ್ಲ. ನಿನ್ನ ಕಾಕಾ ಜೇಲಿಗಿ ಹೋದ್ರ ಅದನ್ನೂ ಬರ್ಕೊ.”

ಅವರು ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ನಾನು ಹಿಂದೆ ಹೋಗಬಹುದಿತ್ತು, ಹೋಗಲಿಲ್ಲ.

ಕೋರ್ಟಿನಲ್ಲಿ ಸರಕಾರಿ ವಕೀಲರ ಪ್ರಶ್ನೆಗಳಿಗೆ ಹೇಳಿಕೆಯಲ್ಲಿದ್ದುದನ್ನೇ ಹೇಳಿದೆ. ಕಟಕಟೆಯ ಪಕ್ಕದಲ್ಲಿ ಕಾಕಾ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಹುಬ್ಬಿನ ಮೇಲೆ ಹಿಟ್ಟಿಲ್ಲದೆ ಅವರನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಹುಬ್ಬುಗಳು ಇನ್ನೂ ಕಪ್ಪಗಿದ್ದವು. ಆಮೇಲೆ ಅವರ ವಕೀಲರು ಪಾಟೀಸವಾಲಿಗೆ ಎದ್ದರು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು.

“ಮೂರು ಹೊಡ್ತ ಅಂದ್ರಿ. ತೂಕದ ಕಲ್ಲು ಯಾವ ಹೊಡ್ತಕ್ಕ ಕೆಳಗ ಬಿತ್ತು?”

ಧನರಾಜ ಆಗಲೇ ತನ್ನ ಸಾಕ್ಷಿಯಲ್ಲಿ ಮೊದಲ ಹೊಡೆತಕ್ಕೇ ಬಿತ್ತೆಂದು ಹೇಳಿದ್ದ. ನಾನೂ ಹಾಗೇ ಹೇಳಿದ್ದರೆ ಕಾಕಾನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆ ಪ್ರಶ್ನೆ ವಕೀಲರಿಗೆ ಜೂಜೇ ಆಗಿತ್ತು.

“ನೋಡಿಲ್ರಿ.”

“ಅಲ್ಲೇ ಇದ್ರಿ, ಬೆಳಕಿತ್ತು. ಯಾಕ ನೋಡಿಲ್ಲ?”

“ಎಣಿಸ್ಲತ್ತಿದ್ದೆ ರೀ.”

ಯಾರೋ ಹಿಂದೆ ಸಣ್ಣಗೆ ನಕ್ಕರು. ನ್ಯಾಯಾಧೀಶರು ಒಮ್ಮೆ ನನ್ನನ್ನು ನೋಡಿ, ಉತ್ತರವನ್ನು ಬರೆಸಿದರು.

ಕಾಕಾ ಖುಲಾಸೆಯಾದರು. ಆತ್ಮರಕ್ಷಣೆ ಸಂಭವನೀಯವೆಂದು ಆರೋಪಿ ತೋರಿಸಿದರೆ ಸಾಕು, ಸ್ವತಂತ್ರ ಸಾಕ್ಷಿಯು ನಿರ್ಣಾಯಕ ಕ್ಷಣವನ್ನು ನೋಡಿಲ್ಲ, ಸಂಶಯದ ಲಾಭ ಆರೋಪಿಗೆ ಸಲ್ಲಬೇಕು ಎಂದು ತೀರ್ಪಿನಲ್ಲಿತ್ತು. ನಾನು ಕೆಂಪು ಶಾಯಿಯಲ್ಲಿ ತಲೆಬರಹ ಕೊಟ್ಟಿದ್ದ ಮಾತುಗಳೇ. ಕಾನೂನು ತನ್ನ ಕೆಲಸವನ್ನು ಸರಿಯಾಗಿ ಮಾಡಿತು, ಈ ಬಗ್ಗೆ ನನಗೆ ತಕರಾರಿಲ್ಲ. ಅದು ತಲುಪುವ ಹೊತ್ತಿಗೆ ಹಲಬರ್ಗಾದಲ್ಲಿ ಗಿರಣಿ ಇರಲಿಲ್ಲ, ಅಷ್ಟೇ.

ಕಳೆದ ತಿಂಗಳು ಔರಾದಕ್ಕೆ ಹೋಗಿದ್ದೆ. ಕಾಕಾ ಈಗ ಅಲ್ಲಿ ಬೇರೆಯವರ ಗಿರಣಿಯಲ್ಲಿ ಕೆಲಸಕ್ಕಿದ್ದಾರೆಂದು ಅಪ್ಪ ಹೇಳಿದ್ದರು. ಬೀದರದಿಂದ ಸಂತಪುರದ ಮೇಲೆ ಹೋಗುವ ಬಸ್ಸಿನಲ್ಲಿ ಕೂತು, ಹೇಳಬೇಕಾದುದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡೆ: ಕ್ಷಮಿಸಿ ಎನ್ನಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಮೊದಲ ದಿನವೇ ಹೇಳಬೇಕಿತ್ತು ಎನ್ನಬೇಕು. ಬಜಾರಿನ ಹಿಂದಿನ ಓಣಿಯಲ್ಲಿ ಅವರು ಸಿಕ್ಕರು. ಕರೆಂಟು ಹೋಗಿತ್ತು. ಹಲಗೆಯ ಮೇಲೆ ಕೂತಿದ್ದವರು ಪಕ್ಕದ ಹಿಟ್ಟು ಜಾಡಿಸಿ ಜಾಗ ಮಾಡಿಕೊಟ್ಟರು.

“ಬಾ ಬಾ, ವಕೀಲ ಸಾಹೇಬ್ರು ಬಂದ್ರು. ಕರೀ ಕೋಟು ಎಲ್ಲದ? ಹಾಕ್ಕೊಂಡು ಬಂದಿದ್ರ ಇಲ್ಲೇ ಬೆಳ್ಳಗ ಮಾಡಿ ಕಳಿಸ್ತಿದ್ದೆ.”

“ಇನ್ನೂ ಒಂದು ವರ್ಷ ಅದ ಕಾಕಾ.” ಆಮೇಲೆ ಜೋಡಿಸಿಕೊಂಡ ಮಾತುಗಳನ್ನು ಹೇಳಿದೆ, ಜೋಡಿಸಿದ ಕ್ರಮದಲ್ಲಿ ಬರಲಿಲ್ಲ. ಅವರು ಪೂರ್ತಿ ಕೇಳಿದರು.

“ನೀ ಸುಳ್ಳು ಹೇಳಿಲ್ಲ. ಅದಕ್ಕ ಯಾಕ ಅಳ್ಲತ್ತಿ? ಖರೇ ಹೇಳ್ಬೇಕಂದ್ರ, ನಾ ಒಂದೇ ಹೊಡ್ದೆ ಅಂತ ತಿಳ್ಕೊಂಡಿದ್ದೆ. ಅವ ಕಲ್ಲು ಎತ್ತಿದ, ನಾ ಹೊಡ್ದೆ, ಅಷ್ಟೇ ನೆನಪಿತ್ತು. ನೀ ಮೂರು ಅಂದಿ ಅಂತ ಗೊತ್ತಾದ ಮ್ಯಾಲೆ ಉಳಿದೆರಡು ಹುಡುಕ್ಲತ್ತೀನಿ. ಸಿಗವಲ್ವು.”

“ನಾನೇ ತಪ್ಪು ಎಣಿಸಿರಬಹುದು ಕಾಕಾ.”

“ನೀನಾ?” ಅವರು ನಕ್ಕರು. ಆ ನಗುವಿನಲ್ಲಿ ಚೇಷ್ಟೆಯಿತ್ತು, ನಂಬಿಕೆಯೂ ಇತ್ತು. ಆ ನಂಬಿಕೆಯೇ ನನ್ನನ್ನು ಹೆಚ್ಚು ಚುಚ್ಚಿತು. ಆಮೇಲೆ, ಬಹಳ ದಿನದಿಂದ ಕೇಳಬೇಕೆಂದುಕೊಂಡದ್ದನ್ನು ಕೇಳುವವರಂತೆ, ನನ್ನ ಕಡೆ ತಿರುಗಿದರು.

“ಕೋರ್ಟಿನ್ಯಾಗ ಕಲ್ಲಿಂದ ಕೇಳಿದ್ರು. ನನಗ ಕಲ್ಲಿನ ಫಿಕೀರಿಲ್ಲ. ನೀ ಮ್ಯಾಲಿದ್ದಿ, ನನ್ನ ಮಾರಿ ನಿನಗ ಕಾಣ್ತಿತ್ತು. ಕಡೀ ಹೊಡ್ತ ಹೊಡಿಯೋ ಮುಂದ ನನ್ನ ಮಾರಿ ಹ್ಯಾಂಗಿತ್ತು? ಸಿಟ್ಟಿತ್ತೋ, ಅಂಜಿಕಿ ಇತ್ತೋ?”

ಕಾನೂನಿಗೆ ಮುಖದ ಬಗೆಗಿನ ಈ ಪ್ರಶ್ನೆಯ ಅಗತ್ಯ ಬೀಳಲಿಲ್ಲ. ಸಂಶಯ ಉಳಿದರೆ ಅದು ಬಿಟ್ಟುಬಿಡುತ್ತದೆ, ಬಿಡಲೇಬೇಕು. ಆದರೆ ಉಳಿದ ಸಂಶಯವನ್ನು ಯಾರಾದರೂ ಮನೆಗೆ ಒಯ್ಯಬೇಕಲ್ಲ. ಒಯ್ದವರು ಬೇರೆ ಯಾವ ಸಾಕ್ಷಿಯೂ ಇಲ್ಲದೆ ನನ್ನನ್ನೇ ಕೇಳುತ್ತಿದ್ದರು. ಅಂಜಿಕೆಯೇ ಇತ್ತು ಕಾಕಾ ಎನ್ನಲು ಒಂದು ಕ್ಷಣ ಸಾಕಾಗಿತ್ತು. ಅವರು ನಂಬುತ್ತಿದ್ದರು, ನಾನು ಹೇಳಿದ್ದನ್ನು ಅವರು ಎಂದೂ ನಂಬದೆ ಇದ್ದವರಲ್ಲ.

“ನೋಡಿಲ್ಲ ಕಾಕಾ,” ಎಂದೆ.

“ಹೂಂ,” ಎಂದರು. ಅಷ್ಟರಲ್ಲಿ ಒಳಗಿನ ಬಲ್ಬು ಹೊತ್ತಿಕೊಂಡಿತು, ಹೊರಗೆ ಯಾರೋ ಕರೆಂಟು ಬಂತೆಂದು ಕೂಗಿದರು. ಕಾಕಾ ಮೊಣಕಾಲಿಗೆ ಕೈಯೂರಿ ಎದ್ದು ಹೋಗಿ ಖಟಕಾ ಒತ್ತಿದರು. ಗಿರಣಿ ತಿರುಗತೊಡಗಿತು. ಅದರ ಸದ್ದಿನಲ್ಲಿ ಅವರು ಬೆನ್ನು ತಿರುಗಿಸಿಕೊಂಡೇ ಇನ್ನೇನೋ ಹೇಳಿದರು. ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.