ರೆಫರಿಗಳ ಯಾದಿಯಲ್ಲಿ ಒಂದು ಹೆಸರು

ಶಿಗ್ಗಾಂವಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕ. ಊರವರ ಬಾಯಲ್ಲಿ ಪಿ.ಟಿ. ಮಾಸ್ತರ. ಆಟದಲ್ಲಿ ನಾನು ಎಂದೂ ದೊಡ್ಡ ಆಳಾಗಿರಲಿಲ್ಲ. ಜಿಲ್ಲಾ ಕಬಡ್ಡಿ ತಂಡದಲ್ಲಿ ಒಂದು ವರ್ಷ ಬೆಂಚಿನ ಮೇಲೆ ಕೂತು ಬಂದದ್ದಷ್ಟೇ ನನ್ನ ಸಾಧನೆ. ಆದರೆ ಪಂದ್ಯಗಳ ವೇಳಾಪಟ್ಟಿ ಹಾಕುವ ಕೆಲಸ ನನಗೆ ಸಲೀಸು. ಹನ್ನೊಂದು ಶಾಲೆಗಳು ಬಂದಿವೆ, ಮೈದಾನ ಒಂದೇ ಇದೆ, ಹಾನಗಲ್ ಕಡೆಯ ಮಕ್ಕಳಿಗೆ ಸಂಜೆ ಐದರ ಬಸ್ಸು ತಪ್ಪಬಾರದು ಅಂದರೆ, ಯಾವ ತಂಡವನ್ನು ಯಾವ ಹೊತ್ತಿಗೆ ಇಳಿಸಬೇಕೆಂದು ನಾನು ನಿಂತಲ್ಲೇ ಹೇಳಬಲ್ಲೆ. ಹೀಗಾಗಿ ತಾಲೂಕು ಕ್ರೀಡಾಕೂಟ ಬಂತೆಂದರೆ ಉಳಿದ ಮಾಸ್ತರರೆಲ್ಲ ಮೈದಾನದಲ್ಲಿರುತ್ತಿದ್ದರು, ನಾನು ಮಾತ್ರ ಶಾಮಿಯಾನದ ಕೆಳಗೆ ಕಾಗದ ಮತ್ತು ಸ್ಕೇಲು ಹಿಡಿದು ಕೂತಿರುತ್ತಿದ್ದೆ.

ರಗ್ಬಿ ನಮ್ಮ ಕಡೆಗೆ ಬಂದದ್ದು ಒಂದು ವಾರದ ತರಬೇತಿ ಶಿಬಿರದ ಮೂಲಕ. ಜಿಲ್ಲೆಯ ದೈಹಿಕ ಶಿಕ್ಷಕರನ್ನೆಲ್ಲ ಕರೆಸಿ, ಕೈಗೆ ಮೊಟ್ಟೆಯಾಕಾರದ ಚೆಂಡು ಕೊಟ್ಟರು. ಮುಂದಕ್ಕೆ ಓಡಬೇಕು, ಆದರೆ ಚೆಂಡನ್ನು ಹಿಂದಕ್ಕೇ ಎಸೆಯಬೇಕು ಎಂದಾಗ ಬಹಳ ಜನ ನಕ್ಕರು. ನಗದೆ ನಿಂತು ನೋಡುತ್ತಿದ್ದವಳು ಹಿರೇಕೆರೂರು ಕಡೆಯ ಒಬ್ಬ ಶಿಕ್ಷಕಿ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಕಾಲೇಜಿನಲ್ಲಿ ಕಬಡ್ಡಿ ಆಡಿದವಳು, ಮದುವೆಯಾಗಿ ಎರಡು ವರ್ಷವಾಗಿತ್ತು. ಎರಡನೆಯ ದಿನ ಅಭ್ಯಾಸದ ಆಟ ನಡೆದಾಗ ಆಕೆ ತರಬೇತುದಾರನನ್ನು ತಡೆದು ಕೇಳಿದಳು.

"ಸರ, ತಪ್ಪು ಆತಲ್ರಿ. ನೀವು ಸೀಟಿ ಯಾಕ ಹೊಡೀಲಿಲ್ಲ?"

ತಪ್ಪಾದ ಕೂಡಲೇ ಸೀಟಿ ಹೊಡೆದರೆ ಅನ್ಯಾಯಕ್ಕೊಳಗಾದ ತಂಡದ ಓಟವೂ ನಿಂತುಹೋಗುತ್ತದೆ, ಅದಕ್ಕೇ ರೆಫರಿ ಕೈ ಚಾಚಿ ಕೆಲವು ಕ್ಷಣ ಕಾದು ನೋಡುತ್ತಾನೆ ಎಂದು ಆತ ವಿವರಿಸಿದ. ಆಕೆ ತಲೆಯಾಡಿಸಿದಳು. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ನನಗೆ ಹೇಳಿದಳು: "ಆಡೂದು ಬ್ಯಾಡ್ರಿ ಸರ ನಂಗ. ನಾ ಇದನ್ನ ಆಡಸೂದು ಕಲೀತೇನಿ."

ಕಲಿತಳು. ಮೊದಲು ಶಾಲೆಗಳ ಪಂದ್ಯ, ಆಮೇಲೆ ವಿಭಾಗ, ಆಮೇಲೆ ರಾಜ್ಯ. ರೆಫರಿ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿದಳು. ಅದೇ ಹೊತ್ತಿಗೆ ನನ್ನ ಸ್ಕೇಲು ಮತ್ತು ಕಾಗದದ ಸುದ್ದಿ ಮೇಲಿನವರೆಗೆ ಹೋಗಿತ್ತು. ಒಂದು ರಾಷ್ಟ್ರೀಯ ಕೂಟದಲ್ಲಿ ಮಳೆ ಬಂದು ಅರ್ಧ ದಿನದ ಪಂದ್ಯಗಳು ನಿಂತುಹೋದಾಗ, ಉಳಿದದ್ದನ್ನೆಲ್ಲ ನಾನು ಇಪ್ಪತ್ತು ನಿಮಿಷದಲ್ಲಿ ಹೊಸದಾಗಿ ಜೋಡಿಸಿಕೊಟ್ಟಿದ್ದೆ. ಅದಾದ ಮೇಲೆ ನನ್ನನ್ನು ರೆಫರಿಗಳ ನೇಮಕ ಸಮಿತಿಗೆ ಸೇರಿಸಿಕೊಂಡರು. ಸಮಿತಿ ಎಂದರೆ ದೊಡ್ಡದೇನಲ್ಲ. ದೇಶದ ಬೇರೆ ಬೇರೆ ಊರುಗಳಲ್ಲಿ ಕೂತ ಐದು ಜನ, ಒಂದು ಫೋನ್ ಗುಂಪು, ವಾರಕ್ಕೊಂದು ಮಾತುಕತೆ.

ಹೊರದೇಶದ ಕೂಟಗಳಿಗೆ ನಮ್ಮ ರೆಫರಿಗಳನ್ನು ಕಳಿಸುವ ಲೆಕ್ಕ ಅಲ್ಲಿಯೇ ನನಗೆ ಅರ್ಥವಾದದ್ದು. ಯಾವ ದೇಶ ಯಾವ ದೇಶದೊಡನೆ ಎಷ್ಟು ಹೊತ್ತಿಗೆ ಆಡುತ್ತದೆ ಎಂಬುದು ಮೊದಲು ಗೊತ್ತಾಗಬೇಕು. ತನ್ನ ದೇಶದ ಪಂದ್ಯಕ್ಕೆ ಯಾವ ರೆಫರಿಯೂ ನಿಲ್ಲುವಂತಿಲ್ಲ. ಒಂದು ಪಂದ್ಯ ಓಡಿದವರಿಗೆ ಮುಂದಿನ ಪಂದ್ಯದಲ್ಲಿ ಬಿಡುವು ಬೇಕು. ಹೀಗಾಗಿ ಒಂದು ಪಂದ್ಯ ಅತ್ತಿತ್ತ ಸರಿದರೂ ರೆಫರಿಗಳ ಯಾದಿ ಪೂರ್ತಿ ಸರಿಯುತ್ತದೆ. ನಮ್ಮ ದೇಶಕ್ಕೆ ಸಿಗುತ್ತಿದ್ದದ್ದು ಒಂದೋ ಎರಡೋ ಜಾಗ. ಅದಕ್ಕೆ ಕಾಯುತ್ತಿದ್ದವರು ಬಹಳ ಮಂದಿ.

ಆಕೆ ಮೂರು ವರ್ಷ ಕಾದಳು. ಅದರಲ್ಲಿ ಒಂದು ವರ್ಷ ಹೋದದ್ದು ಓಟದ ಪರೀಕ್ಷೆಯಲ್ಲಿ. ಇಪ್ಪತ್ತು ಮೀಟರ್ ಓಡಿ ವಾಪಸ್ಸು, ನಲವತ್ತು ಓಡಿ ವಾಪಸ್ಸು, ಅರವತ್ತು ಓಡಿ ವಾಪಸ್ಸು. ಹೀಗೆ ನಿಲ್ಲದೆ ಐದು ಸಲ. ಮೊದಲ ಸಲ ಹನ್ನೊಂದು ಸೆಕೆಂಡು ಹೆಚ್ಚಾಯಿತು. ಅನಂತರ ಆಕೆ ತನ್ನ ಶಾಲೆಯ ಬಯಲಿನಲ್ಲಿ ಸುಣ್ಣ ಹಚ್ಚಿದ ಕಲ್ಲಿಟ್ಟುಕೊಂಡು ದಿನಾ ಬೆಳಿಗ್ಗೆ ಓಡತೊಡಗಿದಳು. ಕೆಲವು ಭಾನುವಾರ ನಾನು ಬಸ್ಸಿನಲ್ಲಿ ಹೋಗಿ ಸಮಯ ಹಿಡಿದು ಬರುತ್ತಿದ್ದೆ. ಆಕೆಯ ಅತ್ತೆ ಕೆಲವೊಮ್ಮೆ ಬಯಲಿನ ಪಕ್ಕದ ಬೇವಿನ ನೆರಳಲ್ಲಿ ಬಂದು ಕೂರುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ. ಸೊಸೆಯ ಹುಚ್ಚು ಅವರಿಗೆ ಹಿಡಿಸಿಲ್ಲ ಎಂದೇ ನಾನು ತಿಳಿದಿದ್ದೆ.

ಕಡೆಗೂ ಆಕೆ ಪಾಸಾದಳು. ಪಾಸ್‌ಪೋರ್ಟ್ ಬಂತು. ಮೇ ತಿಂಗಳ ಮಹಿಳೆಯರ ಕೂಟವೊಂದಕ್ಕೆ ನಾನೇ ಆಕೆಯ ಹೆಸರು ಎತ್ತಿದೆ, ಉಳಿದ ನಾಲ್ವರೂ ಒಪ್ಪಿದರು. ಯಾದಿ ಬಂದ ದಿನ ನಾನು ಫೋನಿನಲ್ಲಿ ಓದಿ ಹೇಳಿದೆ. ಮೊದಲ ದಿನ, ಮೂರನೆಯ ಪಂದ್ಯ, ಶ್ರೀಲಂಕಾ ಮತ್ತು ನೇಪಾಳ. ಗೆರೆಯ ಮೇಲೆ ಬಾವುಟ ಹಿಡಿದು ನಿಲ್ಲುವ ಸಹಾಯಕರ ಜಾಗದಲ್ಲಲ್ಲ, ರೆಫರಿಯ ಜಾಗದಲ್ಲೇ ಆಕೆಯ ಹೆಸರು.

"ಲೈನ್ ಮ್ಯಾಲೆ ನಿಂದ್ರೂದಲ್ಲೇನ್ರಿ ಸರ? ನಡುವ ನಾನಾ?"

"ನಡುವ ನೀನ ತಂಗೆವ್ವ."

ಆ ಕಡೆಯಿಂದ ಕಾಗದ ಪೆನ್ನು ಹುಡುಕುವ ಸಪ್ಪಳ ಕೇಳಿತು. ಆಮೇಲೆ, "ಇನ್ನೊಮ್ಮೆ ಓದ್ರಿ" ಅಂದಳು.

ಅದು ಮಾರ್ಚ್ ತಿಂಗಳು. ಎರಡು ವಾರದ ನಂತರ, ಹತ್ತನೆಯ ತರಗತಿಯ ಪರೀಕ್ಷೆಗಳು ನಡೆಯುತ್ತಿದ್ದಾಗ, ನಾನು ಸವಣೂರಿನಲ್ಲಿ ಸಂಬಂಧಿಕರೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಹನ್ನೊಂದು ಗಂಟೆಗೆ ಸಮಿತಿಯ ಮುಖ್ಯಸ್ಥರ ಫೋನ್ ಬಂತು. ಕೂಟ ನಡೆಸುವ ಊರಿನಲ್ಲಿ ಆ ದಿನಗಳಿಗೆ ಮೈದಾನ ಸಿಗುತ್ತಿಲ್ಲವಂತೆ, ಪಂದ್ಯಗಳನ್ನು ಎಂಟು ದಿನ ಮುಂಚೆಯೇ ಇಟ್ಟಿದ್ದಾರೆ, ಮೇ ಮೊದಲ ವಾರಕ್ಕೇ ಶುರು. ಹೊಸ ದಿನಾಂಕಕ್ಕೆ ಎಲ್ಲ ದೇಶಗಳ ರೆಫರಿಗಳೂ ಮಧ್ಯಾಹ್ನ ಎರಡು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ನಿಮ್ಮ ಶಿಕ್ಷಕಿ ಬರುತ್ತಾಳೋ ಇಲ್ಲವೋ ಕೇಳಿ ಹೇಳಿ. ಇಲ್ಲವಾದರೆ ಕಾಯ್ದಿರಿಸಿದ ಇನ್ನೊಬ್ಬ ರೆಫರಿ ತಯಾರಿದ್ದಾಳೆ.

ಆಕೆಗೆ ಫೋನ್ ಮಾಡಿದೆ. ಬಂದ್ ಆಗಿತ್ತು. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ ಹೋದವರ ಫೋನನ್ನು ಮೊದಲೇ ಇಸಿದುಕೊಳ್ಳುತ್ತಾರೆ, ನನಗೆ ಗೊತ್ತಿದ್ದದ್ದೇ. ಗಂಡನಿಗೆ ಮಾಡಿದೆ. ಆತ ಸಭ್ಯ ಮನುಷ್ಯ, ಊರಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ.

"ಆ ವಾರನ ನನ್ನ ತಂಗಿ ಲಗ್ನ ಐತಲ್ರಿ ಸರ," ಅಂದ. "ನಾ ಏನ ಹೇಳ್ಲಿ? ಪರೀಕ್ಷಾ ಮುಗಿಸಿ ಎರಡರೊಳಗ ಅಕಿ ಫೋನ್ ಕೈಗೆ ಬರ್ತೈತ್ರಿ. ಅಕಿನ್ನ ಕೇಳ್ರಿ."

ಅಕಿನ್ನ ಕೇಳ್ರಿ ಅಂದಿದ್ದ. ಆ ಮಾತು ನನಗೆ ಸರಿಯಾಗಿಯೇ ಕೇಳಿಸಿತ್ತು.

ಮುಖ್ಯಸ್ಥರು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದರು. ಪ್ರತಿ ಸಲವೂ ಅವರ ದನಿ ಒಂದಿಷ್ಟು ಬಿಗಿಯಾಗುತ್ತಿತ್ತು. ಎರಡರವರೆಗೆ ಯಾಕೆ ಕಾಯಬೇಕು, ಮನೆಯಲ್ಲಿ ಮದುವೆ ಇದೆ ಎನ್ನುತ್ತಿದ್ದೀರಿ, ಹೆಣ್ಣುಮಗಳು, ಕಡೆ ಗಳಿಗೆಯಲ್ಲಿ ಇಲ್ಲ ಎಂದರೆ ಇದ್ದ ಒಂದು ಜಾಗವೂ ಹೋಗುತ್ತದೆ ಎಂದರು. ನಾದಿನಿಯ ಮದುವೆ ಬಿಟ್ಟು ಸೊಸೆಯನ್ನು ಯಾರು ಕಳಿಸುತ್ತಾರೆ ಎಂದು ನನಗೂ ಅನಿಸಿತು. ಬೇವಿನ ನೆರಳಲ್ಲಿ ಮಾತಿಲ್ಲದೆ ಕೂತ ಅತ್ತೆ ನೆನಪಾದರು. ಒಂದು ಗಂಟೆಯ ಹೊತ್ತಿಗೆ ನಾನೇ ಹೇಳಿಬಿಟ್ಟೆ, ಆಕೆಗೆ ಆಗುವುದಿಲ್ಲ, ಇನ್ನೊಬ್ಬಳ ಹೆಸರು ಹಾಕಿ ಎಂದು. ಹೇಳಿ ಹಗುರಾದೆ. ಅದನ್ನೂ ಇಲ್ಲಿ ಬರೆಯಬೇಕು. ಕೈಕಾಲು ತೊಳೆದು ಊಟದ ಪಂಕ್ತಿಗೆ ಕೂತೆ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು. ಎಲೆಯ ಪಕ್ಕದಲ್ಲಿಟ್ಟಿದ್ದೆ, ಆಕೆಯ ಹೆಸರು ಕಂಡಿತು. ಹತ್ತು ನಿಮಿಷದಲ್ಲಿ ಮುಖ್ಯಸ್ಥರಿಗೆ ತಿರುಗಿ ಹೇಳಬಹುದಿತ್ತು. ತಡೀರಿ, ನಾನು ತಪ್ಪಾಗಿ ಹೇಳಿದೆ ಎನ್ನಬಹುದಿತ್ತು. ಬಲಗೈಯಲ್ಲಿ ಹುಗ್ಗಿ ಇತ್ತು, ಎಡಗೈ ಖಾಲಿ ಇತ್ತು. ಪಕ್ಕದವರು "ಫೋನ್ ಬಂತ್ರಿ ನಿಮ್ಮದು" ಅಂದರು. "ಬರ್ಲಿ ಬಿಡ್ರಿ" ಅಂದೆ. ಅದು ಹೊಡೆದುಕೊಂಡು ನಿಂತಿತು. ಇನ್ನೊಮ್ಮೆ ಬಂತು. ಮೂರನೆಯ ಸಲ ಬಂದಾಗ ಎರಡು ದಾಟಿತ್ತು.

ಮರುದಿನ ಶಾಲೆಗೆ ರಜೆ ಹಾಕಿ ಹಿರೇಕೆರೂರಿಗೆ ಹೋದೆ. ಹಾನಗಲ್‌ನಲ್ಲಿ ಬಸ್ಸು ಬದಲಿಸುವಾಗ ವಾಪಸ್ಸು ಹೋಗಿಬಿಡಲೇ ಎಂದು ಒಂದು ಸಲ ಅನಿಸಿತ್ತು. ಆಕೆಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ಹೊಸ ಯಾದಿ ರೆಫರಿಗಳ ಗುಂಪಿಗೆ ಹಿಂದಿನ ಸಂಜೆಯೇ ಬಂದಿತ್ತು. ಬಾಗಿಲಲ್ಲಿ ನನ್ನನ್ನು ನೋಡಿ, "ಬರ್ರಿ ಸರ, ಕುಂದರ್ರಿ" ಅಂದಳು. ನೀರು ಕೊಟ್ಟಳು, ಚಹಾ ಮಾಡಿದಳು. ಗಂಡ ಅಂಗಡಿಗೆ ಹೋಗಿದ್ದ. ಅತ್ತೆ ಪಡಸಾಲೆಯಲ್ಲಿ ಮದುವೆಯ ಅಕ್ಕಿ ಹಸನು ಮಾಡುತ್ತಿದ್ದರು.

"ನಿನ್ನ ಫೋನ್ ಹತ್ತಲಿಲ್ಲ ತಂಗೆವ್ವ," ಅಂದೆ.

"ಹೌದ್ರಿ, ನಂದು ಬಂದ್ ಇತ್ತು. ಆದ್ರ ಎರಡರೊಳಗ ನಾ ನಿಮಗ ಮಾಡೀನ್ರಿ. ನಿಮ್ಮದು ಹತ್ತಿತ್ತು."

ಸುಳ್ಳು ಹೇಳಲು ಬಾಯಿ ತೆರೆದಿದ್ದೆ, ಮುಚ್ಚಿದೆ.

"ನೀವು ಏನಂದ್ರಿ ಅವರಿಗೆ?" ಎಂದು ಕೇಳಿದಳು.

"ಮನ್ಯಾಗ ಲಗ್ನ ಐತಿ, ಅಕಿಗೆ ಆಗೂದಿಲ್ಲ ಅಂದೆ."

"ನಂಗ ಆಗೂದಿಲ್ಲಂತ ನಾ ಹೇಳಿದ್ನೇನ್ರಿ?"

ಅತ್ತೆ ಮೊರ ಕೆಳಗಿಟ್ಟರು. ಅಷ್ಟು ವರ್ಷದಲ್ಲಿ ಅವರು ನನ್ನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು. "ಮಾಸ್ತರ, ಲಗ್ನ ನನ್ನ ಮಗಳದು. ಅಕಿ ಇಲ್ಲಂದ್ರ ನಿಂದ್ರತಿತ್ತೇನದು? ಮುಂಜಾನೆದ್ದು ಅಕಿ ಓಡೂದು ನೋಡಾಕ ನಾ ಬಯಲಿಗೆ ಬಂದು ಕುಂದ್ರತಿದ್ದೆ. ನನ್ನರ ಒಂದು ಮಾತು ಕೇಳಬೇಕಿಲ್ಲೋ?"

ಅವರು ದನಿ ಏರಿಸಲಿಲ್ಲ. ಮತ್ತೆ ಮೊರ ಎತ್ತಿಕೊಂಡರು. ನಾನು ತಪ್ಪಾಯಿತು ಎಂದೆ. ಆಕೆ "ಚಹಾ ಆರತೈತ್ರಿ ಸರ" ಅಂದಳಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆನೇನೋ. ಹದಿನೈದು ದಿನದ ಮೇಲೆ ಆ ಮೈದಾನದವರು ಮತ್ತೆ ಮನಸ್ಸು ಬದಲಿಸಿದರು. ಕೂಟ ಮೊದಲಿನ ದಿನಾಂಕಕ್ಕೇ ಹೋಯಿತು. ಮದುವೆ ಮುಗಿದು ಒಂದು ವಾರದ ನಂತರ. ನಾನು ಆ ಸುದ್ದಿ ಓದಿದ ಕೂಡಲೇ ಮುಖ್ಯಸ್ಥರಿಗೆ ಫೋನ್ ಮಾಡಿ ಆಕೆಯನ್ನು ಮರಳಿ ಹಾಕಿ ಎಂದು ಕೇಳಿಕೊಂಡೆ. ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಪಂದ್ಯ ಸರಿದಿದೆ, ನೇಮಕ ಸರಿದಿಲ್ಲ. ಇನ್ನೊಬ್ಬಳು ಒಪ್ಪಿ ಸಹಿ ಮಾಡಿದ್ದಾಳೆ, ಅವಳನ್ನು ಯಾವ ಕಾರಣಕ್ಕೆ ತೆಗೆಯುವುದು? ನಾನು ಸಮಿತಿಯ ಉಳಿದ ಮೂವರಿಗೂ ಫೋನ್ ಮಾಡಿದೆ. ಒಬ್ಬರು ಮುಂದಿನ ವರ್ಷ ನೋಡೋಣ ಎಂದರು. ಇಬ್ಬರು, ನೀವೇ ಅಲ್ಲವೇ ಇಲ್ಲ ಎಂದದ್ದು ಎಂದರು.

ಆ ಪಂದ್ಯವನ್ನು ನಾನು ಮನೆಯಲ್ಲಿ ಫೋನಿನಲ್ಲಿ ನೋಡಿದೆ. ನಮ್ಮ ಇನ್ನೊಬ್ಬ ರೆಫರಿ ಚೆನ್ನಾಗಿಯೇ ನಡೆಸಿದಳು. ಅವಳೇನಾದರೂ ತಪ್ಪು ಮಾಡಲಿ ಎಂದು ನಾನು ಕಾಯುತ್ತಿದ್ದೆ ಎಂಬುದು ಪಂದ್ಯ ಮುಗಿದ ಮೇಲೆ ಹೊಳೆದು ನಾಚಿಕೆಯಾಯಿತು. ಹಿರೇಕೆರೂರಿನಲ್ಲಿ ಆಕೆ ನೋಡಿದಳೋ ಇಲ್ಲವೋ ನಾನು ಕೇಳಲಿಲ್ಲ.

ಮುಂದಿನ ವರ್ಷ ಆಕೆಯ ಹೆಸರನ್ನು ಎರಡು ಸಲ ಇಟ್ಟೆ. ಹೊರದೇಶದ ಪಂದ್ಯದ ಅನುಭವ ಎಷ್ಟು ಎಂದು ಕೇಳಿದರು. ಇಲ್ಲ ಎಂದೆ. ಅನುಭವ ಇದ್ದವಳನ್ನೇ ಕಳಿಸೋಣ ಎಂದರು. ಇದ್ದವಳು ಎಂದರೆ ಆ ಇನ್ನೊಬ್ಬಳೇ. ಅದರ ಮುಂದಿನ ವರ್ಷ ಹಿರೇಕೆರೂರಿನ ನಮ್ಮ ಶಿಕ್ಷಕಿಗೆ ಮಗುವಾಯಿತು, ಓಟದ ಪರೀಕ್ಷೆಗೆ ಬರಲಿಲ್ಲ. ಮತ್ತೊಂದು ವರ್ಷ ಬಿಟ್ಟು ಬಂದಳು, ಬಹಳ ಅಭ್ಯಾಸ ಮಾಡಿಯೇ ಬಂದಿದ್ದಳು. ನಾಲ್ಕನೆಯ ಸುತ್ತಿನಲ್ಲಿ ಮೊಣಕಾಲು ಹಿಡಿದು ನಿಂತಳು. ಸಮಯ ಹಿಡಿದು ನಿಂತಿದ್ದ ನಾನು, ಗಡಿಯಾರ ನಿಲ್ಲಿಸಬೇಕೋ ಬೇಡವೋ ತಿಳಿಯದೆ ಹಾಗೇ ಹಿಡಿದುಕೊಂಡಿದ್ದೆ. "ಬಂದ್ ಮಾಡ್ರಿ ಸರ," ಅಂದಳು.

ಈಗ ಆಕೆಗೆ ರಟ್ಟೀಹಳ್ಳಿ ಕಡೆಯ ಶಾಲೆಗೆ ವರ್ಗವಾಗಿದೆ. ಅಲ್ಲಿ ಖೋಖೋ ಕಲಿಸುತ್ತಾಳೆ. ಹೋದ ಸಲ ಹಾನಗಲ್‌ನಲ್ಲಿ ಶಿಕ್ಷಕರ ಸಭೆಗೆ ಬಂದಾಗ ಸಿಕ್ಕಳು. ಮಗುವಿನ ಸುದ್ದಿ ಕೇಳಿದೆ, ಅತ್ತೆಯ ಆರೋಗ್ಯ ಕೇಳಿದೆ. ಎಲ್ಲಾ ಆರಾಮ ಎಂದಳು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆವು.

"ಸರ, ಇನ್ನ ನನ್ನ ಹೆಸರು ಇಡಬ್ಯಾಡ್ರಿ," ಅಂದಳು.

"ಒಂದ ಸಲ ನೋಡೋಣಲ್ಲ ತಂಗೆವ್ವ. ಸಣ್ಣ ಕೂಟಕ್ಕಾದ್ರೂ."

"ಬ್ಯಾಡ್ರಿ. ವರ್ಷಾ ನೀವು ಇಡ್ತೀರಿ, ವರ್ಷಾ ನಾ ಯಾದಿ ಬರೂದು ಕಾಯ್ತೇನಿ. ಸಾಕಾಗೈತ್ರಿ."

ಆಕೆಯ ಬಸ್ಸು ಬಂತು, ಹತ್ತಿ ಹೋದಳು. ಸಿಟ್ಟು ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಬೈದಿದ್ದರೆ ಉತ್ತರವನ್ನಾದರೂ ಕೊಡಬಹುದಿತ್ತು.

ಸಮಿತಿ ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಬಿಟ್ಟಿಲ್ಲ. ನಾನು ಬಿಟ್ಟರೂ ಆಕೆಗೆ ಏನೂ ಸಿಗುವುದಿಲ್ಲ. ಇದು ಕಾರಣವೋ ನೆಪವೋ ನನಗೇ ಗೊತ್ತಿಲ್ಲ. ಆ ವಾರವೇ ಹೊಸ ವರ್ಷದ ರೆಫರಿಗಳ ಯಾದಿ ಕಂಪ್ಯೂಟರಿನಲ್ಲಿ ನನ್ನ ಮುಂದೆ ಬಂತು. ಆಕೆಯ ಸಾಲನ್ನು ತೆಗೆದೆ. ತೆಗೆಯುವಾಗ ಕಾರಣ ಬರೆಯುವ ಖಾನೆಯೊಂದು ತೆರೆಯುತ್ತದೆ, ಅದನ್ನು ತುಂಬದೆ ಮುಂದೆ ಹೋಗಲು ಬರುವುದಿಲ್ಲ. ಬಹಳ ಹೊತ್ತು ಅದರ ಮುಂದೆ ಕೂತಿದ್ದೆ. ಕೊನೆಗೆ ಎಲ್ಲರೂ ಬರೆಯುವುದನ್ನೇ ಬರೆದೆ: ವೈಯಕ್ತಿಕ ಕಾರಣ. ಕೆಳಗಿದ್ದ ಹೆಸರುಗಳು ಒಂದೊಂದು ಸಾಲು ಮೇಲಕ್ಕೆ ಬಂದವು.