ಅಪ್ಪನ ಪ್ಲಾನಿನಲ್ಲಿ ಹೊಳೆ ಇರಲಿಲ್ಲ

ನಮ್ಮಪ್ಪ ರಿಟೈರ್ಡ್ ಸುಬೇದಾರ್. ಸಂತೆಯಿಂದ ಸೊಪ್ಪು ತರುವುದಕ್ಕೂ ಅವನ ಹತ್ತಿರ ಒಂದು ಪ್ಲಾನ್ ಇರುತ್ತದೆ. ಅಂಥವನ ಮನೆಗೆ ಮಗಳು ಚೊಚ್ಚಲ ಹೆರಿಗೆಗೆ ಬಂದರೆ ಕೇಳಬೇಕೇ?

ತಂಗಿ ಸುಮಾ ನಮ್ಮೂರು ಹಲವಾಗಲಿಗೆ ಬಂದ ದಿನವೇ ಅಪ್ಪ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದ. ನೋವು ಬಂದರೆ ಜೀಪು. ಜೀಪಿನಲ್ಲಿ ಹರಪನಹಳ್ಳಿ ಆಸ್ಪತ್ರೆ. ಕೊನೆಗೊಂದು ಮಾತು: "ಮಿಲ್ಟ್ರಿಯಾಗ ಪ್ಲಾನ್ ಕೆಡೋದು ಇದ್ದದ್ದ. ಆಫೀಸರ್ ಇಲ್ದಾಗ ಇದ್ದವ್ರ ದಾರಿ ಹುಡುಕಬೇಕು. ಹೆಂಗ ಅನ್ನೋದು ಬದಲಾಗ್ಲಿ, ಯಾಕ ಅನ್ನೋದು ಮರೀಬ್ಯಾಡ್ರಿ. ತಾಯಿ ಕೂಸು ನೆಟ್ಟಗಿರಬೇಕು, ಅಷ್ಟ."

ಅಪ್ಪನ ತಾಯಿ, ನಮ್ಮಜ್ಜಿ, ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡಳು. ಅವಳದು ಒಂದೇ ಆರ್ಡರ್: "ಬಸುರಿ ಹೊಳಿ ದಾಟಬಾರ್ದು." (ಸುಮಾಳನ್ನು ದಂಡೆಯ ಕಡೆ ವಾಕಿಂಗಿಗೂ ಬಿಡುತ್ತಿರಲಿಲ್ಲ.)

ಈಚೆಗೆ ಒಂದು ಬೆಳಿಗ್ಗೆ ಜೀಪು ಕೈಕೊಟ್ಟಿತು. ರಿಪೇರಿಗೆಂದು ಅಪ್ಪ ಅದನ್ನು ಹರಪನಹಳ್ಳಿಗೆ ಎಳೆಸಿಕೊಂಡು ಹೋದ. ಅವನು ಊರು ದಾಟಿದ್ದೇ ತಡ, ಸುಮಾಳಿಗೆ ನೋವು ಶುರು! ಬಸ್ಸು ಆಗಲೇ ಹೋಗಿತ್ತು, ಆಂಬುಲೆನ್ಸ್ ಎಲ್ಲೋ ದೂರದಲ್ಲಿತ್ತು. ನಾನು ಒಳಗೂ ಹೊರಗೂ ಸುಮ್ಮನೆ ಓಡಾಡುತ್ತಿದ್ದೆ. (ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವಳು ನಾನೇ!) ಎದುರಿಗೆ ತುಂಗಭದ್ರೆ. ಬೇಸಿಗೆಯ ಶಾಂತ ನೀರು. ಆಚೆ ದಡದ ಊರಲ್ಲಿ ಆಸ್ಪತ್ರೆ ಇದೆ. ಆದರೆ ಅಜ್ಜಿಗೆ ಹೇಳುವವರು ಯಾರು?

ಹೇಳಬೇಕಾಗಲೇ ಇಲ್ಲ. "ಹರಗೋಲು ತರಸ್ರಿ" ಎಂದವಳು ಅಜ್ಜಿಯೇ. ದಂಡೆಯಲ್ಲಿ ನಿಂತು ಕುಪ್ಪಸದ ಖಣ, ಅಕ್ಕಿ, ಅಡಿಕೆ ನೀರಿಗೆ ಬಿಟ್ಟು ಹೊಳೆಗೇ ಉಡಿ ತುಂಬಿದಳು.

"ಯವ್ವಾ ಗಂಗವ್ವ, ನೀನೂ ಹೆಣ್ಣು. ಶಾಸ್ತ್ರ ಮುರಿದಾಕಿ ನಾನು. ಸಿಟ್ಟಿದ್ರ ನನ್ನ ಮ್ಯಾಲೆ ತೀರಿಸ್ಕ. ಈ ಹುಡಿಗಿನ್ನ ದಾಟಸು."

ಬುಟ್ಟಿಯಂಥ ಆ ದೋಣಿಯಲ್ಲಿ ಸುಮಾಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಅಜ್ಜಿ, ಆಚೆ ದಡ ಮುಟ್ಟುವವರೆಗೂ ಬಿಗಿಯಾಗಿ ಕಣ್ಣು ಮುಚ್ಚಿ ಕೂತಿದ್ದಳು. ಅವಳಿಗೆ ಎಷ್ಟು ಭಯವಾಗಿತ್ತೆಂದು ನನಗೆ ಆಗ ಗೊತ್ತಾಯಿತು. ಅಳು ತಡೆಯಲಾಗಲಿಲ್ಲ.

ನೆರೆಯವರಿಂದ ಸುದ್ದಿ ತಿಳಿದು ಸಂಜೆ ಅಪ್ಪ ಆಸ್ಪತ್ರೆಗೆ ಓಡಿ ಬಂದಾಗ, ಆಗಷ್ಟೇ ಹುಟ್ಟಿದ ಮೊಮ್ಮಗಳು ಅಜ್ಜಿಯ ಮಡಿಲಲ್ಲಿದ್ದಳು.

"ಯವ್ವಾ, ನೀನು ಹೊಳಿ ದಾಟಿಸಿದಿ?"

"ನೀನ ಹೇಳಿದ್ದೆಲ್ಲಪಾ, ತಾಯಿ ಕೂಸು ನೆಟ್ಟಗಿರಬೇಕು ಅಂತ."

ಅಪ್ಪ ಅಜ್ಜಿಯ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟ.

ಮನೆಗೆ ಮರಳುವ ದಿನ ಅಪ್ಪನ ಮತ್ತೊಂದು ಪ್ಲಾನ್. ಜೀಪು ರಿಪೇರಿಯಾಗಿದೆ, ಸೇತುವೆ ಸುತ್ತಿಕೊಂಡು ಆರಾಮಾಗಿ ಹೋಗುವುದು. ಅಜ್ಜಿ ಅಲ್ಲಾಡಲಿಲ್ಲ.

"ಹರಗೋಲದಾಗ ಹೋಗೂಣು. ಗಂಗವ್ವಗ ಕೂಸು ತೋರಸಬ್ಯಾಡೇನು?"

ಜೀಪು ಖಾಲಿ ಹೋಯಿತು. ಸುಬೇದಾರ್ ಸಾಹೇಬರು ಪ್ಯಾಂಟ್ ಮಡಚಿ, ಕೂಸನ್ನು ಎದೆಗವಚಿಕೊಂಡು ಹರಗೋಲು ಹತ್ತಲು ನೀರಿಗಿಳಿದರು.

ಪ್ಲಾನ್ ಬದಲಾಯಿಸುವುದಕ್ಕೆ ಮಿಲಿಟರಿಯಲ್ಲಿ ಟ್ರೇನಿಂಗ್ ಕೊಡುತ್ತಾರಂತೆ. ಅಜ್ಜಿಯರಿಗೆ ಎಲ್ಲಿ ಕೊಡುತ್ತಾರೆ?