ಡ್ರಮ್ಮಿನವನು ಕೈ ಮಾಡದ ಸಂಜೆ

ಈಗ ದೊಡ್ಡ ಊರುಗಳ ದೊಡ್ಡ ವೇದಿಕೆಗಳಲ್ಲಿ ನಮ್ಮ ಹುಡುಗರನ್ನು ಕಂಡವರು, ಇವರ ಸಂಗೀತದಲ್ಲಿ ಒಂದು ಬಗೆಯ ಹಿಂಸೆ ಇದೆ ಎಂದು ಹೊಗಳಿ ಬರೆಯುತ್ತಾರೆ. ಆ ತಂಡದ ಮೊದಲ ಎರಡು ವರ್ಷ ಕೀಬೋರ್ಡ್ ನುಡಿಸಿದ ನಾನು ಪ್ರಮಾಣ ಮಾಡಿ ಹೇಳಬಲ್ಲೆ: ಸಂಗೀತದಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದೆಲ್ಲ ಹಾಡಿನ ಹೊರಗೆ, ಬಹುಪಾಲು ಡ್ರಮ್ ಬಾರಿಸುವವನ ಬಲಗೈಯಲ್ಲಿ ಇತ್ತು.

ನಾನು ಮರಿಯಮ್ಮನಹಳ್ಳಿಯವನು. ಮೂವತ್ತು ವರ್ಷ ನಾಟಕಗಳಿಗೆ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ನುಡಿಸಿದವನು. ಸತ್ತ ರಾಜರನ್ನು 'ಒನ್ಸ್ ಮೋರ್' ಕೂಗಿಗೆ ಎಬ್ಬಿಸಿ ಮತ್ತೆ ಸಾಯಿಸಿದವನು. ನಾಟಕಗಳು ಕಡಿಮೆಯಾದ ಮೇಲೆ ಹೊಸಪೇಟೆಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದೆ. ಮನೆಯ ಒಡತಿ ಕಂಪ್ಲಿ ಕಡೆಯವರು, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದರು. ಅವರ ಮಗನೇ ಡ್ರಮ್ಮಿನವನು, ಸಂಡೂರಿನ ಅದಿರು ಲಾರಿಯ ಚಾಲಕ. ಹಾಡುವವನು ಹಂಪಿಯಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದ. ಯಾರೋ ಪ್ರವಾಸಿ ಬಿಟ್ಟುಹೋದ ಗಿಟಾರು ಅವನ ಸಮಸ್ತ ಆಸ್ತಿ. ಕೀಬೋರ್ಡಿಗೆ ಯಾರೂ ಸಿಗದೆ, ಗೋಡೆಯಾಚೆಗಿದ್ದ ನನ್ನನ್ನು ಎಳೆದುಕೊಂಡರು. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ರಾಕ್ ಕಲಾವಿದನಾದೆ. ನನ್ನ ಗುರುಗಳು ಯಾರೂ ಬದುಕಿರಲಿಲ್ಲವಾದ್ದರಿಂದ ಯಾರ ಮನಸ್ಸೂ ನೋಯಲಿಲ್ಲ.

ಡ್ರಮ್ಮಿನವನು ಕೆಟ್ಟವನಲ್ಲ. ಎದುರಿನವರ ಮಾತು ಮುಗಿಯುವ ಮೊದಲೇ ಅವನ ಕೈ ಉತ್ತರ ಕೊಟ್ಟುಬಿಡುತ್ತಿತ್ತು, ಅಷ್ಟೆ. ಸಂಡೂರು ಬಸ್ ಸ್ಟ್ಯಾಂಡಿನಲ್ಲಿ ತನ್ನ ಉದ್ದ ಕೂದಲನ್ನು ಆಡಿಕೊಂಡವನ ಮೂಗು ಮುರಿದ. ಕಂಪ್ಲಿಯಲ್ಲಿ ಶಬ್ದ ತಗ್ಗಿಸಿದ ಮೈಕ್ ಸೆಟ್ಟಿನವನನ್ನು ಎತ್ತಿ ಭತ್ತದ ಗದ್ದೆಯಲ್ಲಿ ನಾಟಿ ಮಾಡಿದ. ಎರಡನೆಯ ಸಲ ಠಾಣೆಯಿಂದ ಬಿಡಿಸಿಕೊಂಡು ಬಂದ ದಿನ ತಾಯಿ ಅವನನ್ನು ಅಂಗಳದಲ್ಲೇ ನಿಲ್ಲಿಸಿದರು.

"ಇನ್ನೊಮ್ಮೆ ಯಾರರ ಬಂದು ನಿನ್ ಮಗ ಹೊಡದ ಅಂದ್ರ, ಈ ನಿನ್ನ ಡಬ್ಬಿ-ತಗಡು ಎಲ್ಲಾ ಕಾಲುವಿಗೆ ಒಗಿತೀನಿ ನೋಡು. ಇನ್ನ ಕೈ ಮಾಡಂಗಿಲ್ಲ ಅಂತ ಮಾಡು ನನ್ನಾಣಿ."

ಮಾಡಿದ. ಮೂರು ವರ್ಷ ಲಾರಿ ಓಡಿಸಿ ಒಂದೊಂದಾಗಿ ಕೂಡಿಸಿದ್ದ ಡ್ರಮ್ಮುಗಳು ಅವು. ಹೋದರೆ ತಂಡವೂ ಹೋದಂತೆ. ಆಕೆ ಬರೀ ಬಾಯಿಮಾತಿನವರೂ ಅಲ್ಲ. ಅವನ ಒಂದು ಮೊಬೈಲು ಆಗಲೇ ಕಾಲುವೆಯಲ್ಲಿತ್ತು.

ತಿಂಗಳೊಪ್ಪತ್ತು ಶಾಂತಿ ನೆಲೆಸಿತು. ಆಮೇಲೆ ಬಂಡ್ರಿ ಕಡೆಯ ಒಂದು ಊರಿನಲ್ಲಿ, ವಾಲಿಬಾಲ್ ಪಂದ್ಯ ಮುಗಿದ ಸಂಜೆ ನಮ್ಮ ಕಾರ್ಯಕ್ರಮ ಗೊತ್ತಾಯಿತು. ಇಲ್ಲಿ ತಪ್ಪು ನನ್ನದು. ನಮ್ಮ ಕಡೆ ಮೆಚ್ಚಿದವರು ಹಾಡು ಮುಗಿಯುವವರೆಗೆ ಕಾಯುವುದಿಲ್ಲ, ಶಾಲು ಹಿಡಿದು ನಡುವೆಯೇ ವೇದಿಕೆ ಹತ್ತುತ್ತಾರೆ. ಆಗ ಮೇಳ ನಿಲ್ಲಬೇಕು, ಹೊದಿಸಿದವರ ಹೆಸರು ಮೈಕಿನಲ್ಲಿ ಬರಬೇಕು, ಬಳಿಕ ರಾಜ ಎಲ್ಲಿಗೆ ಸಾಯುವುದನ್ನು ಬಿಟ್ಟಿದ್ದನೋ ಅಲ್ಲಿಂದ ಮುಂದುವರಿಯಬೇಕು. ಶಾಸ್ತ್ರ ಅದು. ಹುಡುಗರಿಗೆ ಅದನ್ನು ಹೇಳಲು ನಾನು ಮರೆತಿದ್ದೆ.

ಕಪ್ ಕೊಡಿಸಿದ್ದ ಟಿಪ್ಪರ್ ಸಾವ್ಕಾರ ಮೂರನೆಯ ಹಾಡಿಗೇ ಶಾಲು ಹಿಡಿದು ಹತ್ತಿದ. ರೂಢಿಯ ಬಲದಿಂದ ನನ್ನ ಕೈ ತಾನಾಗಿ ನಿಂತಿತು. ಉಳಿದಿಬ್ಬರು ನಿಲ್ಲಲಿಲ್ಲ. ಕಣ್ಣು ಮುಚ್ಚಿ ಅರಚುತ್ತಿದ್ದ ಗಾಯಕನ ಹೆಗಲಿಗೆ ಹಿಂದಿನಿಂದ ಶಾಲು ಬಿತ್ತು. ಅವನು ಬೆಚ್ಚಿ ಗರಕ್ಕನೆ ತಿರುಗಿದ. ಗಿಟಾರಿನ ತಲೆ ಸಾವ್ಕಾರನ ಹುಬ್ಬಿಗೆ ಬಡಿದು ರಕ್ತ ಇಳಿಯಿತು.

"ಮರ್ಯಾದಿ ಮಾಡಾಕ ಬಂದ್ರ ಹೊಡಿತೀಯೇನಲೇ!" ಎಂದು ಸಾವ್ಕಾರ ಗಾಯಕನ ಕೆನ್ನೆಗೆ ಬಾರಿಸಿದ. ಗೆದ್ದ ತಂಡವೂ ಸೋತ ತಂಡವೂ ದ್ವೇಷ ಮರೆತು ಒಟ್ಟಾಗಿ ವೇದಿಕೆಗೆ ನುಗ್ಗಿದವು. ಗಾಯಕ ಕೆಳಗೆ ಬಿದ್ದ. ಪಕ್ಕೆಗೆ ಒದೆಗಳು ಬಿದ್ದವು. ನಾಲ್ಕು ಮಂದಿ ಪ್ಲಾಸ್ಟಿಕ್ ಕುರ್ಚಿಗಳಿಂದ ಡ್ರಮ್ಮಿನವನ ಬೆನ್ನಿಗೆ ಬಡಿಯತೊಡಗಿದರು. ಅವನು ಬಾರಿಸುತ್ತಲೇ ಇದ್ದ.

"ಏಳೋ, ಓಡೋಣ!" ಎಂದೆ.

"ಕೈ ಖಾಲಿ ಆದ್ರ ಹೊಡದುಬಿಡ್ತೀನ್ರಿ ಮಾಸ್ತರ್ರ! ನೀವು ಸುಮ್ನ ನುಡಸ್ರಿ!"

ಕುರ್ಚಿಯೊಂದು ಮುರಿಯಿತು. ಮುರಿದ ಕಾಲನ್ನೇ ಹಿಡಿದು ಸಾವ್ಕಾರ ಅವನ ನೆತ್ತಿಗೆ ಒಂದು, ಎರಡು, ಮೂರು ಕೊಟ್ಟ. ರಕ್ತ ಡ್ರಮ್ಮಿನ ಮೇಲೆ ತೊಟ್ಟಿಕ್ಕಿ, ಪ್ರತಿ ಏಟಿಗೂ ಸಿಡಿದು ನನ್ನ ಬಿಳಿ ಅಂಗಿಗೆ ಹಾರುತ್ತಿತ್ತು. ತಾಳ ಮಾತ್ರ ತಪ್ಪಲಿಲ್ಲ. ನಾಲ್ಕನೆಯ ಏಟಿಗೆ ಕೈ ಎತ್ತಿದ ಸಾವ್ಕಾರನ ಬಾಯಿಗೆ ಒಂದು ಗುದ್ದು ಬಿತ್ತು. ಹಲ್ಲು ಉದುರಿತು. ಗುದ್ದಿದವನು ಯಾರೆಂದು ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸಾವ್ಕಾರ ಬಾಯಲ್ಲಿ ಹತ್ತಿ ಇಟ್ಟುಕೊಂಡು, ಇಬ್ಬರು ಹಿರಿಯರೊಂದಿಗೆ ನಮ್ಮ ಮನೆ ಬಾಗಿಲಿಗೆ ಬಂದ. ಡ್ರಮ್ಮಿನವನು ತಲೆಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ.

"ನಿಮ್ ಮಗ ಹೊಡದಾನ್ರಿ," ಎಂದ ಸಾವ್ಕಾರ.

ತಾಯಿ ಬೀದಿಯಲ್ಲಿದ್ದ ಆಟೋ ಕರೆದು, ಕಾಲುವೆಗೆ ಒಯ್ಯಲು ಡ್ರಮ್ಮುಗಳನ್ನು ಹೇರತೊಡಗಿದರು.

"ನಾ ಕೈ ಮಾಡಿಲ್ಲಬೇ," ಎಂದ ಮಗ.

"ಯಾವತ್ತು ಮಾಡೀನಿ ಅಂದೀ?"

ನಾನು ಅಡ್ಡ ನಿಂತೆ. "ಅವನಲ್ರಿ. ಹೊಡ್ದಿದ್ದು ನಾನು."

"ಸುಮ್ನಿರ್ರಿ ಮಾಸ್ತರ್ರ. ನೀವು ಸೊಳ್ಳಿ ಹೊಡದಿದ್ದೂ ನಾ ಕಂಡಿಲ್ಲ."

ಸಹಾಯಕ್ಕಾಗಿ ಸಾವ್ಕಾರನತ್ತ ನೋಡಿದೆ. ಅವನಿಗೆ ಸತ್ಯ ಗೊತ್ತಿತ್ತು. ನನ್ನ ಮುಖವನ್ನು ಗೇಣು ದೂರದಿಂದ ಕಂಡಿದ್ದ. ಆದರೆ ನನ್ನ ನರೆಗೂದಲನ್ನೂ ಜೊತೆಗೆ ಬಂದ ಹಿರಿಯರನ್ನೂ ಒಮ್ಮೆ ನೋಡಿ, "ಈ ಮುದುಕಪ್ಪನಾ? ಛೇ, ಛೇ. ನಿಮ್ ಮಗನ್ರಿ," ಎಂದ. ಹಲ್ಲು ಹೋದರೆ ಹೋಗಲಿ. ಆರಡಿ ಎತ್ತರದ ಲಾರಿ ಚಾಲಕನಿಂದ ಹೋಯಿತೆಂದರೆ ಅದಕ್ಕೊಂದು ಗೌರವ.

ದೊಡ್ಡ ಡ್ರಮ್ಮು ಆಟೋದೊಳಗೆ ಹೋಗುತ್ತಿತ್ತು. ಬೇರೆ ದಾರಿ ಕಾಣದೆ ಊದಿದ ನನ್ನ ಕೈಯನ್ನು ಆಕೆಯ ಮೂಗಿನ ಕೆಳಗೆ ಹಿಡಿದೆ. ಮಗನ ಗೆಣ್ಣುಗಳಿಗೆ ವರ್ಷಗಟ್ಟಲೆ ಅರಿಶಿನ ಮೆತ್ತಿದ ಹೆಂಗಸು ಅವರು. ಆ ವಿಷಯದಲ್ಲಿ ವೈದ್ಯರಿಗಿಂತ ಹೆಚ್ಚು ಬಲ್ಲವರು. ನನ್ನ ಗೆಣ್ಣನ್ನು ಒತ್ತಿ ನೋಡಿದರು. ಅಲ್ಲಿ ಹಲ್ಲು ಕಚ್ಚಿದ ಗಾಯವಿತ್ತು. ಹೋಗಿ ಮಗನ ಎರಡೂ ಕೈ ತಿರುವಿದರು: ಒಂದು ಗೀರೂ ಇಲ್ಲ. ಅಂಗಿ ಎತ್ತಿದರು. ಬೆನ್ನು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ಸಾವ್ಕಾರನ ದವಡೆ ಹಿಡಿದರು. "ತೆಗಿ ಬಾಯಿ." ಹತ್ತಿ ಕಿತ್ತು, ನನ್ನ ಮುಷ್ಟಿಯನ್ನು ಆ ಸಂದಿಗೆ ಒತ್ತಿ ಹಿಡಿದರು. ನಾವಿಬ್ಬರೂ ಒಟ್ಟಿಗೆ ಚೀರಿದೆವು. ಸಾಕ್ಷಿ ಸರಿಹೋಯಿತು.

"ಅಕ್ಕಾ," ಸಾವ್ಕಾರ ಕಣ್ಣೀರು ಒರೆಸಿಕೊಂಡು ಅಂದ, "ನಮ್ಮೂರಾಗ ಇದು ಗೊತ್ತಾಗೂದು ಬ್ಯಾಡ. ಪೇಟಿ ಮಾಸ್ತರ ಹೊಡದ ಅಂದ್ರ ನಾನು ಟಿಪ್ಪರ್ ಮಾರಿ ಊರು ಬಿಡಬೇಕಾಗ್ತದ." ಹಿರಿಯರಿಬ್ಬರೂ ಗಂಭೀರವಾಗಿ ತಲೆಯಾಡಿಸಿದರು.

ಆಕೆ ಮಗನನ್ನು ಕೇಳಿದರು, "ನಿನ್ನ ಹೆಸರಿಗೇ ಬರಕೊಳ್ಳಲೇನೋ?"

"ಬರಕೋ ಬಿಡಬೇ. ಡ್ರಮ್ ಇಳಸು."

ಹೀಗೆ ಆ ಹಲ್ಲು ಅವನ ಹೆಸರಿಗೆ ಸಂದಿತು. ಸಂಡೂರು ತಲುಪುವ ಹೊತ್ತಿಗೆ ಅದು ಐದು ಹಲ್ಲಾಗಿತ್ತು. ಮುಂದಿನ ಕಾರ್ಯಕ್ರಮಕ್ಕೆ, ಹಾಡು ಕೇಳಲು ಅಲ್ಲದಿದ್ದರೂ ಅವನನ್ನು ನೋಡಲು, ಮೈದಾನ ತುಂಬ ಜನ ಬಂದರು. ಸಾವ್ಕಾರ ಬಂದಿದ್ದ ಆ ಬೆಳಿಗ್ಗೆ ಮಾತ್ರ ಆಟೋದಿಂದ ಡ್ರಮ್ಮುಗಳನ್ನು ಇಳಿಸಿ ಒಳಗಿಟ್ಟವನು ನಾನೊಬ್ಬನೇ. ಮಗನಿಗೆ ಏಳಲು ಆಗುತ್ತಿರಲಿಲ್ಲ, ಆಟೋದವನಿಗೆ ಅವನ್ನು ಮುಟ್ಟಲು ಆಕೆ ಬಿಡಲಿಲ್ಲ.

"ಹೊಡದ ಕೈಲೇ ಹೊರ್ರಿ," ಎಂದರು.